ಮಧುಚಂದ್ರದ ಹುಲಿ

ನಮ್ಮ ಮನೆಗೆ ಹೊಸಬರು ಯಾರೇ ಬರಲಿ, ಎರಡನೆಯ ಕಪ್ ಚಹಾದ ಹೊತ್ತಿಗೆ ಹುಲಿ ಬಂದೇ ಬರುತ್ತದೆ. ಮೊದಲನೆಯ ಕಪ್ಪಿಗೆ ಕೋಲ್ಕತ್ತಾದ ಸೆಖೆ, ಟ್ರಾಫಿಕ್ಕು, ಬಾಲಿಗಂಜಿನ ನಮ್ಮ ಕಟ್ಟಡದ ಲಿಫ್ಟು ಕೆಟ್ಟಿರುವುದು ಇವೆಲ್ಲ ಮುಗಿದಿರುತ್ತವೆ. ಆಮೇಲೆ ನಮ್ಮವರು ಬಿಸ್ಕೀಟನ್ನು ಎರಡು ತುಂಡು ಮಾಡಿ, ಒಂದನ್ನು ಚಹಾದಲ್ಲಿ ಅದ್ದಿ, "ಸುಂದರಬನಕ್ಕ ಹೋಗೀರೇನು?" ಎಂದು ಕೇಳುತ್ತಾರೆ. ಬಂದವರು ಕನ್ನಡದವರಲ್ಲದಿದ್ದರೆ ಅದನ್ನೇ ಹಿಂದಿಯಲ್ಲಿ ಕೇಳುತ್ತಾರೆ. ಆಗ ನಾನು ಧಾರಾಳವಾಗಿ ಅಡುಗೆಮನೆಗೆ ಎದ್ದು ಹೋಗಬಹುದು. ಆ ಕಥೆಯ ಅಳತೆ ನನಗೆ ಗೊತ್ತು. ಒಂದು ಪಾತ್ರೆ ಹಾಲು ಕಾಯುವಷ್ಟು ಹೊತ್ತು.

ಕಥೆ ಇಷ್ಟೇ. ಮದುವೆಯಾದ ಹತ್ತನೆಯ ದಿನ ನಾವು ಸುಂದರಬನಕ್ಕೆ ಹೋಗಿದ್ದೆವು. ಲಾಂಚು ಒಂದು ತಿರುವಿನಲ್ಲಿ ನಿಂತಿತ್ತು. ಎಲ್ಲರೂ ಮೀನೂಟಕ್ಕೆ ಕೆಳಗಿಳಿದಿದ್ದರು. ಮೀನು ತಿನ್ನದ ನಮ್ಮವರೊಬ್ಬರೇ ಮೇಲೆ ಉಳಿದಿದ್ದರು. ಎದುರಿನ ಕೆಸರು ದಂಡೆಗೆ ಪೊದೆಯಿಂದ ಒಂದು ಹುಲಿ ಬಂದು ನಿಂತಿತು. ಇವರನ್ನು ನೋಡಿತು. ನೀರಿಗೆ ಮೂತಿ ಇಟ್ಟಿತು. ಮತ್ತೆ ನೋಡಿತು. ತಿರುಗಿ ಹೋಯಿತು. ನಾನು ಇದನ್ನು ನೂರಾರು ಸಲ ಕೇಳಿದ್ದೇನೆ. ಒಂದು ಸಲವೂ ಹುಲಿ ಗರ್ಜಿಸಲಿಲ್ಲ, ಒಂದು ಅಂಗುಲವೂ ಬೆಳೆಯಲಿಲ್ಲ. ನನ್ನ ಸೋದರಮಾವ ಒಬ್ಬ ಕಾಡುಹಂದಿಯ ಕಥೆ ಹೇಳುತ್ತಿದ್ದ. ಅವನ ಹಂದಿ ಪ್ರತಿ ದೀಪಾವಳಿಗೆ ಒಂದು ಗೇಣು ಉದ್ದವಾಗುತ್ತಿತ್ತು. ಹಾಗಾಗಿ ಬೆಳೆಯದ ಕಥೆ ನಿಜವಾದ ಕಥೆ ಎಂಬುದು ನನ್ನ ತಿಳಿವಳಿಕೆಯಾಗಿತ್ತು.

ಕಥೆ ಮುಗಿದ ಮೇಲೆ ಬಂದವರು ನನ್ನ ಕಡೆ ತಿರುಗಿ "ನೀವೂ ನೋಡಿದ್ರಾ?" ಎನ್ನುತ್ತಾರೆ. "ಇಲ್ಲ, ನಾನು ಕೆಳಗಿದ್ದೆ. ನಮ್ಮ ಅತ್ತೆಯವರಿಗೆ ವಾಂತಿಯಾಗ್ತಿತ್ತು, ತಲೆ ಹಿಡ್ಕೊಂಡು ಕೂತಿದ್ದೆ" ಎಂದು ನಾನು ನಗುನಗುತ್ತ ಹೇಳುತ್ತೇನೆ. ಬಂದವರು ಹೆಂಗಸರಾದರೆ, ಹನಿಮೂನಿಗೆ ಅತ್ತೆಯೇ ಎಂದು ದಂಗಾಗುತ್ತಾರೆ. ಅವರು ಹಾಗೆ ದಂಗಾಗುವುದು ನನಗೆ ಬೇಕು. ಅವರು ಹೋದ ಮೇಲೆ ಎರಡು ದಿನ ನನಗೆ ಹಸಿವೆ ಚೆನ್ನಾಗಿ ಆಗುತ್ತದೆ.

ನೀವು ಕೇಳುತ್ತೀರಿ, ಅತ್ತೆ ಹೇಗೆ ಬಂದರು ಎಂದು. ರೈಲ್ವೆ ಪಾಸಿನಲ್ಲಿ ಬಂದರು. ನಮ್ಮವರು ರೈಲ್ವೆಯಲ್ಲಿ ಗುಮಾಸ್ತರಾಗಿ ಕೋಲ್ಕತ್ತಾಕ್ಕೆ ಬಂದವರು. ರೈಲ್ವೆಯ ಮನೆಗಳಲ್ಲಿ ಪಾಸು ಎಂದರೆ ಸಣ್ಣ ವಿಷಯವಲ್ಲ. ಪಾಸಿನ ಮೇಲೆ ಒಂದು ಊರಿನ ಹೆಸರು ಬರೆದು ಅಲ್ಲಿಗೆ ಹೋಗದೆ ಇರುವುದು, ಬಡಿಸಿದ ಅನ್ನವನ್ನು ಬಿಟ್ಟು ಏಳುವುದು, ಎರಡೂ ಒಂದೇ ಜಾತಿಯ ಪಾಪ. ಮದುವೆಗೆಂದು ಹುಬ್ಬಳ್ಳಿಗೆ ಬಂದವರು, ಹಿಂದಿರುಗುವ ಪಾಸನ್ನು ಹೌರಾಕ್ಕೆ ನಿಲ್ಲಿಸದೆ ಸುಂದರಬನದ ಬಾಗಿಲಾದ ಕ್ಯಾನಿಂಗಿನವರೆಗೆ ಬರೆಸಿಕೊಂಡಿದ್ದರು. ವಿಧವೆ ತಾಯಿ ಅವಲಂಬಿತರು ಎಂದು ಆಫೀಸಿನ ಕಡತದಲ್ಲಿ ಮೊದಲೇ ಇತ್ತು. ನನ್ನ ಹೆಸರನ್ನು ಆಮೇಲೆ ಸೇರಿಸಿದರು. ಸ್ವತಃ, ತಾಯಿ, ಹೆಂಡತಿ. ನನ್ನ ಮಧುಚಂದ್ರದ ಪಾಸಿನಲ್ಲಿ ನಾನು ಮೂರನೆಯವಳು.

ಹೆಸರಿರುವವರನ್ನು ಹೌರಾದಲ್ಲಿ ಇಳಿಸಿ ಹೋಗುವುದು ಹೇಗೆ? ಅತ್ತೆಯವರಿಗೂ ಹಾಗೆ ಅನ್ನಿಸಿತು. ಅವರು ಕಡಕ್ ರೊಟ್ಟಿಯ ಗಂಟು, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಪೂಜೆಯ ವಿಭೂತಿ ಗಟ್ಟಿ ಎಲ್ಲವನ್ನೂ ಕಟ್ಟಿಕೊಂಡು ಹೊರಟರು. ಲಾಂಚು ಹೊರಟ ಅರ್ಧ ಗಂಟೆಗೆ ಅಡುಗೆಯವನು ಸಾಸಿವೆ ಎಣ್ಣೆಯಲ್ಲಿ ಮೀನು ಹುರಿಯಲು ಹಾಕಿದ. ಹುಟ್ಟಿದಾರಭ್ಯ ಲಿಂಗ ಕಟ್ಟಿಕೊಂಡ ಆ ಹೆಂಗಸು ಅಂಥ ವಾಸನೆಯನ್ನು ಅಷ್ಟು ಹತ್ತಿರದಿಂದ ಕಂಡವರಲ್ಲ. ಅಲ್ಲಿಗೆ ನನ್ನ ಮಧುಚಂದ್ರ ಲಾಂಚಿನ ಕೆಳಗಿನ ಕೋಣೆಯಲ್ಲಿ, ಒಂದು ತಗಡಿನ ಬಕೆಟ್ಟಿನ ಮುಂದೆ ಕೂತಿತು. ಕೈಯಲ್ಲಿ ಅತ್ತೆಯ ತಲೆ, ಕಿವಿಯೆಲ್ಲ ಮೇಲಿನ ಹಲಗೆಯ ಮೇಲೆ. ಅಲ್ಲಿ ನಮ್ಮವರ ಚಪ್ಪಲಿ ಅತ್ತ ಇತ್ತ ನಡೆದಾಡುವುದು ಕೇಳುತ್ತಿತ್ತು.

ಇಷ್ಟು ಹಿನ್ನೆಲೆ ಸಾಕು. ಹೋದ ವರ್ಷ ನಮ್ಮ ಮಗಳು ಚೈತ್ರಾಳ ಮದುವೆ ಗೊತ್ತಾಯಿತು. ಹುಡುಗ ಅನಿರ್ಬಾನ್, ಇಲ್ಲೇ ಕೋಲ್ಕತ್ತಾದ ಬೆಹಾಲಾದವನು, ಸೆಕ್ಟರ್ ಫೈವಿನಲ್ಲಿ ಇವಳದೇ ಆಫೀಸಿನಲ್ಲಿ ಕೆಲಸ. ತಂದೆ ಇಲ್ಲ. ತಾಯಿ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಬಂಗಾಳಿಯಲ್ಲಿ ಬೀಗಿತ್ತಿಗೆ ಬೇಯಾನ್ ಎನ್ನುತ್ತಾರೆ. ಅವರು ನನ್ನನ್ನು, ನಾನು ಅವರನ್ನು ಹಾಗೇ ಕರೆಯುತ್ತೇವೆ, ನಮ್ಮಿಬ್ಬರ ಮಾತು ಅರ್ಧ ಹಿಂದಿ ಅರ್ಧ ಬಂಗಾಳಿಯಲ್ಲಿ ನಡೆಯುತ್ತದೆ. ಮೀನಿನ ವಿಷಯ ಒಂದು ಬಿಟ್ಟರೆ ನಮ್ಮಲ್ಲಿ ಎಲ್ಲದಕ್ಕೂ ಹೊಂದಿಕೆಯಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಚೈತ್ರಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನಮ್ಮಿಬ್ಬರನ್ನೂ ಕೂರಿಸಿದಳು. "ಅಮ್ಮಾ, ರಿಯಾಕ್ಟ್ ಮಾಡ್ಬ್ಯಾಡ. ಬರೇ ನೋಡು," ಎಂದಳು. ನೋಡಿದೆ. ಜಗತ್ತಿನ ಯಾವ ಯಾವ ಮೂಲೆಯಲ್ಲಿ ಯಾವ ಯಾವ ಪ್ರಾಣಿಯ ಎದುರು ಮಧುಚಂದ್ರ ಮಾಡಿಕೊಳ್ಳಬಹುದು ಎಂಬ ಪಟ್ಟಿ ಅದು. ಇಂಥದೊಂದು ಪಟ್ಟಿ ಇರಬಹುದೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ನಾನು ಹೌಹಾರಿದೆ.

ಆಫ್ರಿಕಾದ ಒಂದು ಬೆಟ್ಟವನ್ನು ನವದಂಪತಿಗಳು ಕೋಲೂರಿಕೊಂಡು ಹತ್ತಬೇಕಂತೆ. ಮೇಲೆ ಗೊರಿಲ್ಲಾ ಇರುತ್ತದೆ. ಅದರ ಎದುರು ತಲೆ ತಗ್ಗಿಸಿ ಕೂರಬೇಕು, ಕಣ್ಣಿಗೆ ಕಣ್ಣು ಕೊಡಬಾರದು, ಅದು ಹತ್ತಿರ ಬಂದರೆ ಅಲುಗಾಡಬಾರದು. ಗಂಡನ ಮನೆಯಲ್ಲಿ ಮೊದಲ ವಾರ ನಾನು ಹಾಗೇ ಕೂತಿದ್ದೆ. ಅದಕ್ಕಾಗಿ ಆಫ್ರಿಕಾಕ್ಕೆ ಹೋಗಬೇಕಾಗಿರಲಿಲ್ಲ. ಇನ್ನೊಂದು ಕಡೆ ಹಿಮದ ಬಯಲಿನಲ್ಲಿ ಬಿಳಿ ಕರಡಿಗಳು, ದೊಡ್ಡ ಗಾಲಿಯ ಬಸ್ಸು, ಬಸ್ಸಿನೊಳಗೆ ಮೂಗಿನ ತುದಿ ಮಾತ್ರ ಕಾಣುವ ಮದುಮಗಳು. ಮತ್ತೊಂದು ಕಡೆ ಬಟಾಬಯಲಿನಲ್ಲಿ ಸ್ನಾನದ ತೊಟ್ಟಿ. ತೊಟ್ಟಿಯಲ್ಲಿ ಗಂಡ ಹೆಂಡತಿ, ಐವತ್ತು ಹೆಜ್ಜೆ ಆಚೆ ಆನೆ ನೀರು ಕುಡಿಯುತ್ತಿದೆ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

"ಈ ಫೋಟೋ ತಗದಂವ ಎಲ್ಲಿ ನಿಂತಿದ್ದಾ?" ಎಂದು ನಮ್ಮವರು ಕೇಳಿದರು.

"ಪಪ್ಪಾ, ಡ್ರೋನ್ ಇರ್ತದ," ಎಂದಳು.

ಮೇಲಿನಿಂದಲೂ ನೋಡುತ್ತಾರೆ ಎಂದು ತಿಳಿದು ನನ್ನ ಎದೆ ಇನ್ನಷ್ಟು ಹೊಡೆದುಕೊಂಡಿತು. ಆಮೇಲೆ ಪೆಂಗ್ವಿನ್ನುಗಳು ಬಂದವು. ಗಂಡು ಪೆಂಗ್ವಿನ್ ಒಂದು ಒಳ್ಳೆಯ ಕಲ್ಲನ್ನು ಹುಡುಕಿ ತಂದು ಹೆಣ್ಣಿನ ಮುಂದೆ ಇಡುತ್ತದಂತೆ, ಅದಕ್ಕೆ ಒಪ್ಪಿಗೆಯಾದರೆ ಮದುವೆ ಆದ ಹಾಗೆ. ನಮ್ಮವರು ಅದನ್ನು ಎರಡು ಸಲ ಹಾಕಿಸಿಕೊಂಡು ನೋಡಿ, "ಕಲ್ಲು? ಅಷ್ಟ ಏನು?" ಎಂದು ನನ್ನ ಕಡೆ ನೋಡಿದರು. ನಮ್ಮ ಮದುವೆಯಲ್ಲಿ ಬೀಗರ ಊಟಕ್ಕೆ ಮೂರು ಸಲ ಹೋಳಿಗೆ ಸಾಲದೆ ಹೋದದ್ದು ಅವರಿಗೆ ನೆನಪಾಗಿರಬೇಕು.

ನಾನು ಬೆಳೆದ ಧಾರವಾಡದ ಓಣಿಯಲ್ಲಿ ಹನಿಮೂನ್ ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ದೊಡ್ಡಪ್ಪನ ಮಗಳು ಮದುವೆಯಾದ ಮೇಲೆ ಊಟಿಗೆ ಹೋಗಿ ಬಂದಳು. ನಮ್ಮ ಆಯಿ, ಅಂದರೆ ಅಜ್ಜಿ, ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ಅಲ್ಲೇನೈತಿ?" ಎಂದು ಕೇಳಿದರು. "ಥಂಡಿ ಐತಿ ಆಯಿ," ಎಂದು ಅವಳು ನಾಚಿಕೊಂಡು ಹೇಳಿದಳು. "ಥಂಡಿ ನೋಡಾಕ ಅಷ್ಟ್ ದೂರ ಹೋಗ್ಬೇಕೇನು? ಮಾಗ್ಯಾಗ ಅದ ನಮ್ಮ ಮನಿಗೇ ಬರ್ತೈತಲ್ಲ," ಎಂದು ಆಯಿ ದಂಗಾದರು. ಇನ್ನು ಕಾಡುಪ್ರಾಣಿ ಎಂದರೆ ನಮಗೆ ಕಪ್ಪು ಮೂತಿಯ ಕೋತಿ, ಮುಸುವ. ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ಕಾಯುವುದು ಬೇಸಿಗೆ ರಜೆಯಲ್ಲಿ ನನ್ನ ಕೆಲಸ. ಒಮ್ಮೆ ಒಂದು ಗಡವ ಮುಸುವ ಬಂದು ನನ್ನ ಕೈಯ ಕೋಲನ್ನೇ ಕಿತ್ತುಕೊಂಡು, ಚಾಪೆಯ ಆಚೆ ತುದಿಯಲ್ಲಿ ಕೂತು, ಈಗ ಏನು ಮಾಡುತ್ತೀ ಎನ್ನುವಂತೆ ನೋಡಿತು. ನಾನು ಹಪ್ಪಳವನ್ನು ಅದಕ್ಕೆ ಒಪ್ಪಿಸಿ ಏಣಿ ಇಳಿದು ಬಂದೆ. ಸಂಜೆ ಅವ್ವನ ಕೈಯಲ್ಲಿ ಬೈಸಿಕೊಂಡೆ. ವನ್ಯಜೀವಿಯೊಂದಿಗೆ ನನ್ನ ವ್ಯವಹಾರ ಅಲ್ಲಿಗೆ ಮುಗಿದಿತ್ತು.

ಕೊನೆಗೆ ಅವರು ಆರಿಸಿದ್ದು ಬೋರ್ನಿಯೋ. ದೋಣಿಯಲ್ಲಿ ನದಿಯ ಮೇಲೆ ಹೋಗಬೇಕು, ದಂಡೆಯ ಮರಗಳಲ್ಲಿ ಒರಾಂಗುಟಾನ್ ಎಂಬ ಕೆಂಪು ಕೂದಲಿನ ದೊಡ್ಡ ವಾನರ ಕಾಣುತ್ತದೆ. ತೊಟ್ಟಿ ಇಲ್ಲ, ಡ್ರೋನ್ ಇಲ್ಲ. ಇದ್ದುದರಲ್ಲಿ ಮರ್ಯಾದೆಯಾಗಿದೆ ಎಂದು ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಚೈತ್ರಾ, "ಮೂರು ಟಿಕೆಟ್ ಮಾಡಸ್ತೇವಿ," ಎಂದಳು.

"ಮೂರನೇದು ಯಾರಿಗೆ?" ಎಂದೆ.

"ಅನಿ ಅವ್ರ ಮಾ ಬರ್ತಾರ. ನಾನ ಕೇಳೀನಿ ಅವ್ರನ್ನ. ಬಾಬಾ ಹೋದ ಮ್ಯಾಲ ಅವ್ರು ಎಲ್ಲೂ ಹೋಗಿಲ್ಲಮ್ಮಾ. ಮಧ್ಯಾಹ್ನ ಒಬ್ರ ಕೂತು ಟಿವಿನಾಗ ಅನಿಮಲ್ಸ್ ನೋಡ್ತಾರ. ಅಷ್ಟು ವರ್ಷ ಕ್ಲಾಸಿನ್ಯಾಗ ಬೋರ್ನಿಯೋ ಮ್ಯಾಪ್ ಹಾಕ್ಯಾರ, ಒಂದ್ಸಲ ಖರೇನ ನೋಡ್ಬೇಕಂತ ಆಸೆ ಅದ. ಅನಿ ಬೇಡ ಅಂದ. ನಾನ ಹಟ ಮಾಡೀನಿ."

ಗೊರಿಲ್ಲಾದಿಂದ, ಕರಡಿಯಿಂದ, ತೊಟ್ಟಿಯಿಂದ ಆದ ಆಘಾತವೆಲ್ಲ ಒಟ್ಟು ಸೇರಿದರೂ ಇದಕ್ಕೆ ಸಮವಾಗಲಿಲ್ಲ. ನನಗೆ ಪಾಸಿನ ನೆಪವಾದರೂ ಇತ್ತು. ಇವಳು ತಾನಾಗಿಯೇ, ಯಾರೂ ಕೇಳದೆ, ಗಂಡ ಬೇಡವೆಂದರೂ, ಅತ್ತೆಯನ್ನು ಮಧುಚಂದ್ರಕ್ಕೆ ಕರೆಯುತ್ತಿದ್ದಾಳೆ. ನನ್ನ ಕಥೆಯನ್ನು ನೂರು ಸಲ ಕೇಳಿ ಬೆಳೆದ ಮಗಳು. ನಮ್ಮವರ ಕಡೆ ನೋಡಿದೆ. ಅವರು ಪೆಂಗ್ವಿನ್ನಿನ ಕಲ್ಲಿನ ಯೋಚನೆಯಲ್ಲೇ ಇದ್ದರು.

ನಮ್ಮ ಅತ್ತೆಯವರ ಬಗ್ಗೆ ಇನ್ನೊಂದಿಷ್ಟು ಹೇಳಬೇಕು, ಇಲ್ಲದಿದ್ದರೆ ನಾನು ಮುಂದೆ ಮಾಡಿದ್ದು ನಿಮಗೆ ತಿಳಿಯುವುದಿಲ್ಲ. ಆ ಲಾಂಚಿನಿಂದ ಇಳಿದ ಮೇಲೆ ಅವರು ಇಪ್ಪತ್ತು ವರ್ಷ ನಮ್ಮೊಂದಿಗೆ ಕೋಲ್ಕತ್ತಾದಲ್ಲೇ ಇದ್ದರು. ಕೆಟ್ಟ ಹೆಂಗಸಲ್ಲ. ಚೈತ್ರಾಳನ್ನು ಸಾಕಿದವರೇ ಅವರು. ಆದರೆ ನನಗೆ ಅವರ ಮೇಲೆ ಒಂದು ಮುನಿಸಿತ್ತು, ಅದು ಹುಲಿಯ ಮುನಿಸು. ನನ್ನ ಜನ್ಮದಲ್ಲಿ ಒಂದೇ ಸಲ ಹುಲಿ ಎದುರಿಗೆ ಬಂದಿತ್ತು. ಆ ಹೊತ್ತಿನಲ್ಲಿ ನಾನು ಬಕೆಟ್ಟಿನ ಮುಂದೆ ಇದ್ದೆ. ಇದನ್ನು ನಾನು ಬಾಯಿಬಿಟ್ಟು ಆಡಲಿಲ್ಲ. ಬಂದವರ ಮುಂದೆ ನಗುನಗುತ್ತ ಹೇಳುತ್ತಿದ್ದೆ, ಅಷ್ಟೇ. ಅವರು ಒಳಕೋಣೆಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದರು.

ಅವರು ತಪ್ಪೊಪ್ಪಿಕೊಳ್ಳದೆ ಇದ್ದವರಲ್ಲ. "ನನ್ನಿಂದ ನಿನಗ ಹುಲಿ ತಪ್ಪಿತವ್ವ," ಎಂದು ಆಗಾಗ ಅನ್ನುತ್ತಿದ್ದರು. "ಇರ್ಲಿ ಬಿಡ್ರಿ," ಎಂದು ನಾನು ಹೇಳುತ್ತಿದ್ದೆ. ಇರಲಿ ಬಿಡಿ ಎಂಬುದನ್ನು ಎಷ್ಟು ಬಗೆಯಲ್ಲಿ ಹೇಳಬಹುದು ಎಂಬುದು ಸೊಸೆಯಂದಿರಿಗೆ ಗೊತ್ತು. ಒಮ್ಮೆ ಅವರು ಮಗನಿಗೆ ಹೇಳಿ ನನ್ನನ್ನು ಅಲಿಪುರದ ಝೂಗೆ ಕಳಿಸಿದರು, ಹುಲಿ ತೋರಿಸಿಕೊಂಡು ಬಾ ಎಂದು. ಕಡೆಯ ವರ್ಷಗಳಲ್ಲಿ ಅವರ ಕಣ್ಣು ಮಂಜಾಗಿತ್ತು. ಟಿವಿಯ ಹತ್ತಿರ ಮೋಡಾ ಎಂಬ ಬೆತ್ತದ ಪೀಠ ಹಾಕಿಕೊಂಡು ಕೂರುತ್ತಿದ್ದರು. ಹುಲಿ ಬಂದ ಕೂಡಲೇ, "ಬಾರವ್ವ, ಹುಲಿ ಬಂದೈತಿ, ಲಗೂನ ಬಾ," ಎಂದು ಕೂಗುತ್ತಿದ್ದರು. ನಾನು ಅಡುಗೆಮನೆಯಿಂದಲೇ, "ಒಲಿ ಮ್ಯಾಲ ಹಾಲೈತ್ರಿ," ಎನ್ನುತ್ತಿದ್ದೆ. ಒಲೆಯ ಮೇಲೆ ಹಾಲು ಇರುತ್ತಿದ್ದುದು ಯಾವಾಗಲೋ ಒಮ್ಮೆ. ಅವರು ಹೋಗಿ ಈಗ ಹನ್ನೊಂದು ವರ್ಷವಾಯಿತು.

ಹೀಗಿರುವಾಗ ನನ್ನ ಮಗಳಿಗೂ ಇದೇ ಗತಿಯಾಗುವುದನ್ನು ನಾನು ಹೇಗೆ ಸಹಿಸಲಿ? ಬುಧವಾರ ಯಾರಿಗೂ ಹೇಳದೆ ಬೆಹಾಲಾಕ್ಕೆ ಹೋದೆ. ಬೇಯಾನ್ ನನ್ನನ್ನು ಕಂಡು ಹಿಗ್ಗಿದರು. ಸಂದೇಶ್ ಮಿಠಾಯಿ ತಂದಿಟ್ಟರು. ಗೋಡೆಗೆ ಒಂದು ಹೊಸ ಹ್ಯಾಟು ನೇತುಹಾಕಿದ್ದರು. ಬೋರ್ನಿಯೋಕ್ಕೆ ಮಗ ತಂದುಕೊಟ್ಟದ್ದು, ಹಾಕಿಕೊಳ್ಳಲು ಇನ್ನೂ ನಾಚಿಕೆ ಎಂದರು. ನಾನು ಬಹಳ ನಯವಾಗಿ ಮಾತನಾಡಿದೆ. ನನ್ನ ಲಾಂಚಿನ ಕಥೆ ಹೇಳಿದೆ. ಆ ಒಂದು ಗಳಿಗೆ ಹೋದರೆ ಮತ್ತೆ ಬರುವುದಿಲ್ಲ, ಮೂವತ್ತೊಂದು ವರ್ಷವಾದರೂ ನನಗೆ ಅದು ಚುಚ್ಚುತ್ತದೆ, ಮಕ್ಕಳು ತಾವೇ ಬೇಡವೆನ್ನುವುದಿಲ್ಲ, ದೊಡ್ಡವರಾದ ನಾವು ತಿಳಿದು ನಡೆಯಬೇಕು ಎಂದೆ.

ನಾನು ಮುಗಿಸಿದ ಮೇಲೆ, "ನೀವು ಹೇಳಿದ್ದು ಸರಿ ಬೇಯಾನ್. ನನಗೇ ಹೊಳೆಯಬೇಕಿತ್ತು. ಮೊಣಕಾಲು ನೋವು ಎಂದು ಹೇಳುತ್ತೇನೆ, ನಿಮ್ಮ ಹೆಸರು ಎತ್ತುವುದಿಲ್ಲ," ಎಂದರು. ಇನ್ನೊಂದು ಸಂದೇಶ್ ಬಡಿಸಿದರು. ನಾನು ಅದನ್ನು ತಿಂದೆ. ಚೆನ್ನಾಗಿತ್ತು. ಒಂದು ದೊಡ್ಡ ಉಪಕಾರ ಮಾಡಿದವಳಂತೆ ಮನೆಗೆ ಬಂದೆ.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಚೈತ್ರಾ ತಟ್ಟೆ ಮುಟ್ಟಲಿಲ್ಲ. ಮಾ ಅವರ ಮೊಣಕಾಲು ಕೆಟ್ಟಿದೆಯಂತೆ, ಬರುವುದಿಲ್ಲವಂತೆ, ಫೋನಿನಲ್ಲಿ ದನಿ ಹೇಗೋ ಇತ್ತು ಎಂದಳು. ಎದ್ದು ತನ್ನ ಕೋಣೆಗೆ ಹೋದಳು. ನಮ್ಮವರು ರೊಟ್ಟಿ ಮುರಿಯುತ್ತ ನನ್ನನ್ನೇ ನೋಡುತ್ತಿದ್ದರು. ಮೂರು ದಶಕ ಸಂಸಾರ ಮಾಡಿದವರಿಗೆ ಹೆಂಡತಿಯ ಮುಖ ನೋಡಿದರೆ ಇಷ್ಟಾದರೂ ತಿಳಿಯುತ್ತದೆ.

"ಗಿರಿಜಾ, ನೀ ಅವರ ಮನಿಗೆ ಹೋಗಿದ್ದೇನು?"

"ಹೋಗಿದ್ದೆ. ಹೇಳಬೇಕಾದ್ದು ಹೇಳಿ ಬಂದೀನಿ. ನಂಗ ಆದದ್ದು ಆಕಿಗೆ ಆಗಬಾರ್ದು."

"ನಿಂಗ ಏನಾಗೈತಿ?"

"ಏನಾಗೈತಿ ಅಂದ್ರ? ಹುಲಿ ತಪ್ಪಿತಲ್ಲ."

ಅವರು ರೊಟ್ಟಿಯ ತುಂಡನ್ನು ತಟ್ಟೆಯಲ್ಲಿಟ್ಟರು. "ಹುಲಿ ಇರ್ಲಿಲ್ಲ," ಎಂದರು.

"ಎಲ್ಲಿ ಇರ್ಲಿಲ್ಲ?"

"ಅಲ್ಲೆ. ದಂಡಿ ಮ್ಯಾಲ. ನಾ ಯಾವ ಹುಲೀನೂ ನೋಡಿಲ್ಲ ಗಿರಿಜಾ."

ಅವರು ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರಿಗೆ ಚೇಷ್ಟೆ ಬರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ನಾನು ಕೈಯಲ್ಲಿ ಹಿಡಿದಿದ್ದ ಪಲ್ಯದ ಸೌಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಕೂತೆ. ಅವರೇ ನಿಧಾನವಾಗಿ ಹೇಳಿದರು. ಸಂಜೆ ಲಾಂಚು ಹಿಂದಿರುಗುವಾಗ ಅತ್ತೆಯವರು ಸ್ವಲ್ಪ ಚೇತರಿಸಿಕೊಂಡು, ಗೋಡೆ ಹಿಡಿದುಕೊಂಡು ಮೇಲೆ ಬಂದಿದ್ದರಂತೆ. ನಾನು ಆಗ ಕೆಳಗೆ ಬಕೆಟ್ಟು ತೊಳೆಯುತ್ತಿದ್ದೆ.

"ಅವ್ವ ಅಳ್ಕೋತ ಬಂದ್ಲು. ಮಕ್ಕಳ ಸಂತೋಷಕ್ಕ ಕಲ್ಲು ಹಾಕ್ದೆ ಅಂದ್ಲು. ಹುಲಿಯರ ಬಂತೇನಪಾ ಅಂತ ಕೇಳಿದ್ಲು. ಬಂತು ಅಂದೆ. ಒಂದಿನದ ಮಾತು ಅಂತ ಅಂದೆ. ಆಕಿ ಊರಿಗೆ ಕಾಗದ ಬರೆಸಿ ಎಲ್ಲಾರಿಗೂ ತಿಳಿಸಿದ್ಲು, ನನ್ನ ಮಗ ಹುಲಿ ನೋಡ್ಯಾನ ಅಂತ. ಆಮ್ಯಾಲ ಹಿಂದಕ್ಕ ಹೆಂಗ ತಗೋಳ್ಳಿ?"

"ನನ್ನ ಮುಂದರ ಹೇಳಬೇಕಿಲ್ಲೋ?"

"ನೀ ನಕ್ಕೋತ ಹೇಳ್ತಿದ್ದಿ ಎಲ್ಲಾರ ಮುಂದ. ನಿನಗ ಅದು ಖುಷಿ ಅಂತ ತಿಳದಿದ್ದೆ."

ಹುಲಿ ಯಾಕೆ ಬೆಳೆಯಲಿಲ್ಲ ಎಂಬುದು ಆಗ ತಿಳಿಯಿತು. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ, ಮೊದಲ ದಿನ ಎಷ್ಟು ಹೇಳಿದ್ದರೋ ಅಷ್ಟನ್ನೇ ಬಾಯಿಪಾಠ ಮಾಡಿಕೊಂಡು ಒಪ್ಪಿಸುತ್ತಿದ್ದರು. ನಾನು, "ಅತ್ತಿ ಸಾಯೂತನಕ ನನ್ನ ಹತ್ರ ತಪ್ಪಾತು ಅಂತಿದ್ರು. ನಿಮಗ ಗೊತ್ತೈತೇನು?" ಎಂದೆ. ಅವರಿಗೆ ಗೊತ್ತಿರಲಿಲ್ಲ. ಹೊಟ್ಟೆ ತುಂಬಾ ಉಣ್ಣದೆ ಮೇಲೇಳದ ಮನುಷ್ಯ, ಅರ್ಧ ರೊಟ್ಟಿ ಬಿಟ್ಟು ಕೈ ತೊಳೆಯಲು ಹೋದರು.

ನಾನು ಅಲ್ಲೇ ಕೂತೆ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ನಾಚಿಕೆ. ತಾಯಿಯ ದುಃಖ ಇಳಿಯಲೆಂದು ಹೇಳಿದ ಹುಲಿಯನ್ನು ನಾನು ಇಪ್ಪತ್ತು ವರ್ಷ ಆ ತಾಯಿಯ ತಲೆಯ ಮೇಲೇ ಹೊರಿಸಿದ್ದೆ. ಬಾರವ್ವ ಲಗೂನ ಬಾ ಎಂಬ ಕೂಗಿಗೆ ಇಲ್ಲದ ಹಾಲನ್ನು ಕಾಯಿಸುತ್ತ ನಿಂತಿದ್ದೆ. ಹುಲಿ ನಿಜವಾಗಿಯೂ ಬಂದಿದ್ದರೂ ನಾನು ಹಾಗೆ ಮಾಡಬಾರದಿತ್ತು ಎಂಬುದು ಅದರ ಹಿಂದೆಯೇ ಹೊಳೆಯಿತು, ಅದು ಇನ್ನೂ ಜೋರಾಗಿ ಹೊಡೆಯಿತು. ಈ ಐವತ್ತೇಳನೆಯ ವಯಸ್ಸಿನಲ್ಲಿ ನಾನು ನನ್ನನ್ನು ಕಂಡು ಬೆಚ್ಚಿಬಿದ್ದೆ.

ಭಾನುವಾರ ಮತ್ತೆ ಬೆಹಾಲಾಕ್ಕೆ ಹೋದೆ. ಬೇಯಾನ್ ಬಾಗಿಲು ತೆಗೆದರು. ಗೋಡೆಯ ಮೇಲೆ ಹ್ಯಾಟು ಇರಲಿಲ್ಲ. ನಾನು ಕೂರುವ ಮೊದಲೇ ಎಲ್ಲವನ್ನೂ ಹೇಳಿದೆ, ಹುಲಿ, ಹಾಲು, ಟಿವಿ, ಒಂದನ್ನೂ ಬಿಡಲಿಲ್ಲ. ನೀವು ಹೋಗಲೇಬೇಕು ಎಂದೆ.

"ಈಗ ನಾನು ಏನು ಮಾಡಲಿ ಹೇಳಿ?" ಎಂದು ಅವರು ಕೇಳಿದರು. "ಮೊಣಕಾಲು ನೋವು ಎಂದು ಹೇಳಿದ್ದೇನೆ. ಮಗ ಎಣ್ಣೆ ತಂದಿದ್ದಾನೆ, ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದಾನೆ. ಬೆಳಿಗ್ಗೆಯಿಂದ ಅವನ ಎದುರು ಕುಂಟುತ್ತಿದ್ದೇನೆ. ಅರವತ್ತೆರಡು ವರ್ಷ ಸುಳ್ಳು ಹೇಳದವಳನ್ನು ನೀವು ಕುಂಟಿಸಿಬಿಟ್ಟಿರಿ ಬೇಯಾನ್."

ನಾನು ಅಂದು ಸಂಜೆ ಚೈತ್ರಾಳನ್ನು ಕೂರಿಸಿಕೊಂಡು ನಿಜ ಹೇಳಿದೆ. ಹೇಳುವುದು ಕಷ್ಟವಾಯಿತು. ಅವಳು ಸಿಟ್ಟು ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, "ನೀನಾ, ಅಮ್ಮಾ?" ಎಂದಳು, ಅಷ್ಟೇ. ಗುರುತಿಲ್ಲದವರ ಮನೆಗೆ ತಪ್ಪಿ ಬಂದಂತೆ ಇತ್ತು ಅವಳ ನೋಟ. ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಮೂರು ಟಿಕೆಟ್ಟಿನ ಚಿತ್ರವನ್ನು ನನ್ನ ಫೋನಿಗೆ ಕಳಿಸಿದಳು, ಮೇಲೆ ಕೆಳಗೆ ಒಂದಕ್ಷರ ಬರೆದಿರಲಿಲ್ಲ. ಮೂರನೆಯ ಹೆಸರನ್ನು ನಾನು ಎರಡು ಸಲ ಓದಿದೆ.

ಮದುವೆಯಾಯಿತು. ಒಂದು ಹೊತ್ತು ನಮ್ಮ ಕಡೆಯ ಊಟ, ಒಂದು ಹೊತ್ತು ಅವರ ಕಡೆಯ ಊಟ, ಎರಡೂ ಕಡೆಯವರು ಎರಡರಲ್ಲೂ ಏನೋ ಕಡಿಮೆಯಾಯಿತು ಎಂದರು. ವಾರ ಕಳೆದು ಮೂವರೂ ಬೋರ್ನಿಯೋಕ್ಕೆ ಹೊರಟರು. ನಾನು ವಾಂತಿಯ ಗುಳಿಗೆಗಳನ್ನು, ಒಣ ನೆಲ್ಲಿಕಾಯಿಯನ್ನು, ನಿಂಬೆಹಣ್ಣನ್ನು ಬೇಯಾನ್ ಅವರ ಚೀಲಕ್ಕೆ ತುಂಬಿದ್ದೆ. ಚೈತ್ರಾಳಿಗೆ ಇವೊಂದೂ ಬೇಕಾಗುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಗಂಗೆಯ ಫೆರಿಯಲ್ಲಿ ಓಡಾಡಿ ಬೆಳೆದ ಹುಡುಗಿ.

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಳಿಯನ ಫೋನು ಬಂತು. ಧ್ವನಿಯಲ್ಲಿ ಸಂಭ್ರಮ. ಒರಾಂಗುಟಾನ್ ನೋಡಿದೆ, ತಾಯಿ ಮತ್ತು ಮರಿ, ಕೊಂಬೆಯ ಮೇಲೆ, ಇಷ್ಟು ಹತ್ತಿರ ಎಂದ. ನಾನು ಅದನ್ನು ನಮ್ಮವರಿಗೆ ಹೇಳಿದೆ.

"ಫೋಟೋ ತಗದಾನೇನು ಕೇಳು," ಎಂದರು.

ಕೇಳಿದೆ. ತೆಗೆಯಲಾಗಲಿಲ್ಲವಂತೆ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಅಮ್ಮನ ಚೀಲ ಇತ್ತಂತೆ. ಮತ್ತೆ ಯಾರು ನೋಡಿದರು ಎಂದರೆ, ತಾನೊಬ್ಬನೇ ಎಂದ. ನಮ್ಮವರು ಕೆಮ್ಮಿ, ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ಹಾಗಾದರೆ ಅಲ್ಲಿಯೂ ಅದೇ ಆಯಿತು. ಬೇಯಾನ್ ಅವರಿಗೆ ವಾಂತಿಯಾಯಿತು, ನನ್ನ ಮಗಳು ಅವರ ತಲೆ ಹಿಡಿದು ಕೂತಳು. ಅಷ್ಟರಲ್ಲಿ ಬೇಯಾನ್ ಅವರೇ ಫೋನು ತೆಗೆದುಕೊಂಡರು.

"ಗಾಬರಿಯಾಗಬೇಡಿ, ನಿಮ್ಮ ಮಗಳು ಈಗ ಹುಷಾರಾಗಿದ್ದಾಳೆ," ಎಂದರು. "ದೋಣಿ ಬಹಳ ಓಲಾಡಿತು. ಪಾಪ, ಹುಡುಗಿ ಎಂಟು ಸಲ ವಾಂತಿ ಮಾಡಿಕೊಂಡಳು. ಕಣ್ಣು ಒಳಗೆ ಹೋಗಿವೆ. ನಿಂಬೆ ನೀರು ಕುಡಿಸಿದೆ, ನಾಲ್ಕು ಚಮಚ ಹೊರಗೆ ಬಂತು, ಐದನೆಯದು ಹೊಟ್ಟೆಯಲ್ಲಿ ನಿಂತಿತು. ಈಗ ನನ್ನ ತೊಡೆಯ ಮೇಲೆ ಮಲಗಿದ್ದಾಳೆ, ಬಲಗೈಯನ್ನು ಬಿಡುತ್ತಿಲ್ಲ."

"ನೀವು ಒರಾಂಗುಟಾನ್ ನೋಡಲಿಲ್ಲವಾ?"

"ಇಲ್ಲ. ಅದು ಬಂದಾಗ ಇವಳ ತಲೆ ಹಿಡಿದುಕೊಂಡಿದ್ದೆ."

"ಅದಕ್ಕಾಗಿ ಅಷ್ಟು ದೂರ ಹೋದವರು," ಎಂದೆ. "ನಿಮಗೆ ಬೇಜಾರಾಗಲಿಲ್ಲವಾ ಬೇಯಾನ್?"

"ಯಾಕೆ?" ಎಂದರು. ಅವರು ನಿಜವಾಗಿ ತಿಳಿಯದೆಯೇ ಕೇಳುತ್ತಿದ್ದರು. "ಇವಳಿಗೆ ಅಷ್ಟು ಕಷ್ಟವಾಗುತ್ತಿತ್ತಲ್ಲ."

ಫೋನು ಇಟ್ಟ ಮೇಲೂ ನಾನು ಅಲ್ಲೇ ನಿಂತಿದ್ದೆ. ಎಷ್ಟು ಸಲ ವಾಂತಿಯಾಯಿತು, ಎಷ್ಟು ಚಮಚ ನೀರು ಇಳಿಯಿತು, ಕಣ್ಣು ಹೇಗಿವೆ, ಯಾವ ಕೈ ಹಿಡಿದುಕೊಂಡಿದ್ದಾಳೆ, ಅವರು ಎಲ್ಲವನ್ನೂ ಹೇಳಿದ್ದರು. ನನಗೆ ನೋಡದ ಹುಲಿಯ ಒಂದೊಂದು ಹೆಜ್ಜೆಯೂ ಗೊತ್ತು. ಆ ಲಾಂಚಿನ ಕೋಣೆಯಲ್ಲಿ ಮುದುಕಿಯ ತಲೆ ಇಡೀ ಮಧ್ಯಾಹ್ನ ನನ್ನ ಎರಡು ಕೈಗಳ ನಡುವೆ ಇತ್ತು. ಆ ದಿನ ಅವರ ಮುಖ ಹೇಗಿತ್ತು ಎಂದು ಎಷ್ಟು ನೆನಪು ಮಾಡಿಕೊಂಡರೂ ನನಗೆ ನೆನಪಾಗಲಿಲ್ಲ.